ಎರಡು ತಲೆಯ ವೈರು

ಗಾಳಿ ನಿಂತು ಎರಡು ದಿನ. ಆರಂಬೋಲಿನ ಓಣಿಗೆ
ಅಡ್ಡ ಬಿದ್ದ ತೆಂಗು, ಅದರಡಿಗೆ ಕಂಬ,
ಕಂಬದಡಿಗೆ ಯಾರದೋ ಸ್ಕೂಟರು.

ಸೀಸನ್ ಮುಗಿದು ಅಂಗಳದಲ್ಲಿ ಒರಗಿದ್ದ
ಸಾಹುಕಾರರ ಕ್ಯಾರವಾನು;
ಕೀಲಿ ನನ್ನದು, ಗಾಡಿ ನನ್ನದಲ್ಲ.
ಅದರ ಹೊಟ್ಟೆಯ ಜನರೇಟರು
ಕೆಮ್ಮಿತು, ಮುನಿಸಿಕೊಂಡಿತು, ಹತ್ತಿತು.

ಕಿಟಕಿಯಿಂದ ಒಂದೇ ಕಪ್ಪು ವೈರು ಇಳಿಬಿಟ್ಟು
ಪಿಯೆದಾದ್ ಮಾವ್ಶಿಯ ಫ್ರಿಜ್ಜಿಗೆ ಜೀವ ಕೊಟ್ಟೆ:
ಇನ್ಸುಲಿನ್ ಸೀಸೆ ಎರಡು, ಒಂದು ಬುಟ್ಟಿ ಬಂಗಡೆ,
ಯಾರದೋ ಮದುವೆಯ ಬೆಬಿಂಕ.
ಗೋಡೆಗುಂಟ ನೆರೆಯವರ ಫೋನುಗಳು
ಮೊಲೆಗೆ ಬಿದ್ದ ಮರಿಗಳ ಹಾಗೆ.

ಅಳಿಯ ಕಾಯ್ತಾನ್ ತಂದ,
ಎರಡೂ ತುದಿಗೆ ಪಿನ್ನಿರುವ ವೈರು.
"ಗೋಡೆಯ ಪ್ಲಗ್ಗಿಗೇ ಚುಚ್ಚು, ಮನೆಯೆಲ್ಲ ಬೆಳಗಲಿ,
ಫ್ಯಾನೂ ತಿರುಗಲಿ."
ನನ್ನ ಕೈ ಮುಂದೆ ಹೋಯಿತು, ಸುಳ್ಳೇಕೆ. ಸೆಕೆ ಅಂಥದು.

ಆಗ ಕಂಡದ್ದು ತಿರುವಿನ ಕಂಬ:
ಅರ್ಧಕ್ಕೆ ಏರಿದ್ದ ಲೈನ್‌ಮನ್ ಪುಂಡಲೀಕ,
ಹಲ್ಲಲ್ಲಿ ಕಚ್ಚಿದ ಇಕ್ಕಳ,
ಸತ್ತ ತಂತಿಯನ್ನು ನಂಬಿದ ಬರಿಗೈ.

ನಮ್ಮ ಬೆಳಕು ಮೀಟರು ದಾಟಿ,
ಟ್ರಾನ್ಸ್‌ಫಾರ್ಮರಲ್ಲಿ ಕೊಬ್ಬಿ,
ಅವನ ಬೆರಳಿಗೆ ಹೋಗುತ್ತದೆ ಅಂತ
ಹಿಂದಿ, ಕನ್ನಡ, ಹರಕು ಕೊಂಕಣಿ ಬೆರೆಸಿ ಹೇಳಿದೆ.
ಕಾಯ್ತಾನ್ ಮಾತಾಡಲಿಲ್ಲ. ಅಡಿಗೆಮನೆಗೆ ಹೋಗಿ
ಮೀನಿನ ಕತ್ತಿಯಿಂದ
ವೈರಿನ ಒಂದು ತಲೆ ಕೊಯ್ದ.

ಇರುಳಾಯಿತು. ಡೀಸೆಲ್ಲು ಬೆರಳಷ್ಟು.
ಮಾವ್ಶಿ ಕೇಳಿದಳು, "ಆ ಕಂಬದವನು ಉಂಡನೇ?"
ಎರಡು ಬಂಗಡೆ ಹುರಿದು ಕಳಿಸಿದಳು.

ಕಂಬದ ಬುಡದಲ್ಲೇ ಕೂತು ಉಂಡ ಪುಂಡಲೀಕ.
ಕೈ ಒರೆಸಿಕೊಂಡು, ಆಚೀಚೆ ನೋಡಿ,
ಜೇಬಿಂದ ಸತ್ತ ಫೋನು ತೆಗೆದು
ನಾಚುತ್ತ ನನ್ನ ಕೈಗಿಟ್ಟ.