ಕಿವಿಗುರುತು

ನಾನು ದುಭಾಷಿ. ಈ ಕೋರ್ಟಿನಲ್ಲಿ ದಿನಗೂಲಿ.
ನಾರ್ವೆಯವರ ಮಾತಿಗೂ ಸಾಮಿ ಮಾತಿಗೂ
ಇರುವುದೊಂದೇ ಬಾಯಿ, ನನ್ನದು.
ಎದುರು ಕೂತ ರಿಸ್ತೆನ್ ನನಗೆ ಚಿಕ್ಕಂದಿನಲ್ಲಿ
ಹಗ್ಗದ ಕುಣಿಕೆ ಎಸೆಯಲು ಕಲಿಸಿದವಳು.
ಅದು ಕಡತದಲ್ಲಿಲ್ಲ.

ಕಂಪನಿಯ ವಕೀಲ ಓದಿದ:
ಗುಡ್ಡದ ನೆತ್ತಿಗೆ ನಲವತ್ತೆಂಟು ಗಾಳಿಗಂಬ,
ಹಿಮಸಾರಂಗ ಈಯುವ ಇಳಿಜಾರಿಗೆ ಒಂದು ರಸ್ತೆ,
ಹನ್ನೊಂದು ಸಭೆ, ಸಭೆಗೊಂದು ಹಾಜರಿ ಪಟ್ಟಿ, ಕಾಫಿ.
"ಇವರ ಅಹವಾಲಿಗೆ ನಾವು ಕಿವಿಗೊಟ್ಟಿದ್ದೇವೆ."

ಹೇಳಿದೆ: ಕಿವಿ ಕೊಟ್ಟಿದ್ದಾರಂತೆ.

ರಿಸ್ತೆನ್ ನಕ್ಕಳು. ಮುಂದಿನ ಹಲ್ಲೊಂದಿಲ್ಲ;
ಹಗ್ಗ ಕಚ್ಚಿ ಹಿಡಿದ ಯಾವುದೋ ಚಳಿಗಾಲ ಒಯ್ದಿದೆ.
ಚೀಲಕ್ಕೆ ಕೈ ಹಾಕಿ ಮೇಜಿನ ಮೇಲಿಟ್ಟಳು
ಒಂದು ದಾರ. ದಾರದ ತುಂಬ
ಒಣಗಿದ, ಇನ್ನೂ ರೋಮ ಉದುರದ, ಉಗುರಗಲದ ಚೂರು.
ಗುಮಾಸ್ತ ಕುರ್ಚಿ ಹಿಂದಕ್ಕೆಳೆದುಕೊಂಡ.

"ಕಿವಿ," ಅಂದಳು. "ಕೊಡುವುದೆಂದರೆ ಹೀಗೆ.
ಜುಲೈ. ಸೂರ್ಯ ಮುಳುಗದ ರಾತ್ರಿ.
ಮರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು
ಎಡಗಿವಿಯ ತುದಿಗೊಂದು ಕವಲು,
ಬಲಗಿವಿಯ ಹಿಂದೆ ಎರಡು ಕಚ್ಚು.
ಎರಡು ಕಿವಿಯೂ ಸೇರಿ ಒಂದು ಗುರುತು, ನಮ್ಮವ್ವ ನನಗೆ ಬಿಟ್ಟದ್ದು.
ಕೈ ಸಡಿಲಿಸಿದರೆ ಮರಿ ತಾಯ ಬಳಿಗೆ ಓಟ,
ಚೂರು ನನ್ನ ಬಳಿ, ಲೆಕ್ಕಕ್ಕೆ.
ಎಣಿಸಿ. ಈ ವರ್ಷ ಮೂವತ್ತೊಂದು.
ರಸ್ತೆಗೆ ಮುಂಚೆ ತೊಂಬತ್ತು ದಾಟುತ್ತಿತ್ತು."

ನ್ಯಾಯಾಧೀಶೆ ಕನ್ನಡಕ ತೆಗೆದು ಕೇಳಿದರು,
ಸಾಕ್ಷಿಗೆ ಬೇಕಿರುವುದು ಪರಿಹಾರವೋ?
ಕಂಬದ ಸಂಖ್ಯೆ ಇಳಿಸುವುದೋ?

"ರಸ್ತೆ ಎಡಕ್ಕೋ ಬಲಕ್ಕೋ ಎಂದು ಕೇಳಿದಿರಿ,
ಕಂಬಕ್ಕೆ ಬಿಳಿ ಬಣ್ಣವೋ ಬೂದಿಯೋ ಎಂದೂ.
ಬೇಕೋ ಬೇಡವೋ, ಅದೊಂದನ್ನು ಕೇಳಲಿಲ್ಲ.
ಬೇಡ ಅನ್ನಲು ನಿಮ್ಮ ಪಟ್ಟಿಯಲ್ಲಿ ಸಾಲಿರಲಿಲ್ಲ.
ನಾವು ರುಜು ಹಾಕಿದ್ದು ಬಂದಿದ್ದೇವೆ ಎಂದು.
ನೀವು ಓದಿಕೊಂಡದ್ದು ಒಪ್ಪಿದ್ದೇವೆ ಎಂದು."

ಅರ್ಧಕ್ಕೆ ನನ್ನ ಗಂಟಲು ಕಟ್ಟಿತು.
ದುಭಾಷಿಗೆ ನೀರು ಕೊಡಿ, ಎಂದರು ಯಾರೋ.

ದಾಖಲೆಗೆ ಸೇರಿಸಬೇಕಲ್ಲ:
ಗುಮಾಸ್ತ ಸಂಖ್ಯೆ ಬರೆದ ಚೀಟಿ ಹಿಡಿದು
ದಾರದ ತುದಿಗೆ ಕಟ್ಟಲು ಬಂದ.
ಅವಳು ಅಂಗೈ ಮುಚ್ಚಿದಳು.

"ಇದಕ್ಕೆ ಆಗಲೇ ಗುರುತಿದೆ."

ಆ ಮಾತನ್ನು ನಾನು ಎರಡು ಸಲ ತಿರುಗಿಸಿ ಹೇಳಿದೆ.
ಎರಡನೆಯದಕ್ಕೆ ಕೂಲಿಯಿಲ್ಲ.