ನಾನೂರ ನಾಲ್ಕು

ಬಾಗಿಲು ಬರೆಯುವುದು ನನ್ನ ಕೆಲಸ.
ಮರದ್ದಲ್ಲ. ಚಿಲಕವಿಲ್ಲ, ಹೊಸ್ತಿಲಿಗೆ ಅರಿಶಿನವಿಲ್ಲ.
ಕ್ವೀನ್ಸ್ ರಸ್ತೆಯ ಮೂರನೇ ಮಹಡಿಯಲ್ಲಿ ಕೂತು
ಒಂದು ಆಸ್ಪತ್ರೆಯ ಕಡತಗಳನ್ನು ಕಾಯುತ್ತೇನೆ.

ಬಂದ ಪ್ರತಿಯೊಂದು ಕರೆಗೂ ನನ್ನ ಎಪಿಐ ಕೇಳುವುದು ಎರಡೇ ಮಾತು:
ಯಾರು ನೀನು?
ಸರಿ, ನಿನಗೇನು ಹಕ್ಕು?
ಮೊದಲನೆಯದಕ್ಕೆ ಟೋಕನ್ ತೋರಿಸಿದರೆ ಸಾಕು.
ಎರಡನೆಯದಕ್ಕೆ ಪಟ್ಟಿ ಇದೆ.
ನರ್ಸು ನೋಡಬಹುದು, ತಿದ್ದುವಂತಿಲ್ಲ.
ಲ್ಯಾಬಿನವನು ಬರೆಯಬಹುದು, ಯಾರ ರಕ್ತವೆಂದು ಅರಿಯುವಂತಿಲ್ಲ.
ಬಿಲ್ಲಿಂಗಿನ ಗಿರಿಜಾಂಬ ಮೇಡಂಗೆ ಹಣ ಕಾಣುತ್ತದೆ,
ಕಾಯಿಲೆ ಕಾಣುವುದಿಲ್ಲ.
ಎಲ್ಲವನ್ನೂ ಮಾಡಬಲ್ಲ ಅಡ್ಮಿನ್ನುಗಳು ಮೂವರು;
ಅದರಲ್ಲೊಬ್ಬ ಕೆಲಸ ಬಿಟ್ಟು ಎಂಟು ತಿಂಗಳು.
ಇವತ್ತು ಬೆಳಿಗ್ಗೆ ತೆಗೆದೆ.

ಗುರುತು ತೋರದವರಿಗೆ ೪೦೧.
ಗುರುತಿದ್ದೂ ಹಕ್ಕಿಲ್ಲದವರಿಗೆ ೪೦೩.
ಒರಟು, ಆದರೆ ನೇರ:
ನೀನು ಯಾರೆಂದು ಗೊತ್ತು. ಒಳಗೆ ಇದೆ. ನಿನಗಿಲ್ಲ.

ಮಧ್ಯಾಹ್ನ ಡೆನ್ಜಿಲ್ ನನ್ನ ಕೋಡು ಓದಿ ಪಕ್ಕದಲ್ಲಿ ಬರೆದ:
‘ಸುಕನ್ಯಾ, ಇಲ್ಲಿ ೪೦೩ ಬೇಡ, ೪೦೪ ಕೊಡು.
ಕೊಡಲ್ಲ ಅಂದರೆ ಇದೆ ಅಂದ ಹಾಗಾಯಿತು.
ಇಲ್ಲವೇ ಇಲ್ಲ ಅನ್ನು.’

ಇಲ್ಲವೇ ಇಲ್ಲ.

ಭಾನುವಾರ, ಹನುಮಂತನಗರ.
ಗೇಟಿಗೆ ತಂತಿ ಕಟ್ಟಿ ತೂಗುಬಿಟ್ಟ ಟು-ಲೆಟ್ ಬೋರ್ಡು.
ಒಂದು ರೂಮು, ಹಾಲು, ಬಟ್ಟೆ ಒಣಹಾಕಲು ಬಾಲ್ಕನಿ,
ದಿನ ಬಿಟ್ಟು ದಿನ ಕಾವೇರಿ, ಮಿಕ್ಕಂತೆ ಬೋರು.
ಆಂಟಿ ಸಿಂಕಿನ ನಲ್ಲಿಯನ್ನೂ ತಿರುಗಿಸಿ ತೋರಿಸಿದರು.
ಕಾಫಿ ಕುಡೀತೀರಾ ಅಂದರು.
ಹೆಸರು?
ಎಂ. ಸುಕನ್ಯಾ.
ಎಂ ಅಂದ್ರೆ?
ಮುನಿವೆಂಕಟಪ್ಪ. ನಮ್ಮಪ್ಪ.
ಓ. ಯಾವ ಕಡೆ ಆಯ್ತು ನಿಮ್ದು?
ಮಾಲೂರು.
ಮಾಲೂರಲ್ಲಿ…
ಆ ಮೂರು ಚುಕ್ಕಿಯೊಳಗೆ ನನ್ನ ಟೋಕನ್ ಬಿಚ್ಚಿ ಓದಿಯಾಯಿತು.
ಸಹಿ ಸರಿಯಿದೆ. ಅವಧಿ ಮುಗಿದಿಲ್ಲ.
ರೋಲ್ ಎಂಬಲ್ಲಿ ಕಣ್ಣು ನಿಂತಿತು.

ಒಳಗೆ ಹೋಗಿ ಬಂದರು. ಕಾಫಿ ಬರಲಿಲ್ಲ.
‘ಅಯ್ಯೋ, ನಮ್ಮೆಜಮಾನ್ರು ನಿನ್ನೇನೇ ಯಾರತ್ರಾನೋ
ಅಡ್ವಾನ್ಸ್ ಇಸ್ಕೊಂಡ್ಬಿಟ್ಟಿದಾರಂತೆ.
ನಂಗೆ ಗೊತ್ತೇ ಇರ್ಲಿಲ್ಲ ನೋಡಿ.’
ಗೇಟಿನ ತನಕ ಬಂದು ನಕ್ಕರು.
ನಾನು ಹಾಕಿದ ರಭಸಕ್ಕೆ
ಬೋರ್ಡು ಟಣ್ ಅಂತು.

ಕೊಡಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ
ಎಷ್ಟು ದೂರ? ಒಂದೇ ಒಂದು ಅಂಕೆ.
ಕೊಡಲ್ಲ ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ.
ಇಲ್ಲದ ಮನೆಯ ಮುಂದೆ ನಿಂತು
ಯಾವ ಕಿಟಕಿಗೆ ಮುಖ ಮಾಡಿ ಬಯ್ಯಲಿ?

‘ಇದು ಸುಳ್ಳು’ ಎಂದು ಡೆನ್ಜಿಲನಿಗೆ ಬರೆದೆ.
ಕಳಿಸುವ ಮುಂಚೆ
ಆಸ್ಪತ್ರೆಯವರು ಕೊಟ್ಟ ಪಟ್ಟಿ ಇನ್ನೊಮ್ಮೆ ತೆರೆದೆ.
ಹದಿನೇಳನೇ ಸಾಲು: ‘ಗಂಡನ ಲಾಗಿನ್ನಿನಿಂದ
ಹೆಂಡತಿಯ ಕಡತ ಹುಡುಕಿದ್ದು, ರಾತ್ರಿ, ಆರು ಸಲ.’

ಅವನಿಗೆ ಕಾಯಿಲೆ ಏನೆಂದು ಬೇಕಿಲ್ಲ.
ಅವಳು ಇಲ್ಲಿಗೆ ಬಂದಿದ್ದಳೇ? ಅಷ್ಟೇ.
೪೦೩ ಅಂದ ಗಳಿಗೆಯೇ ಅವನಿಗೆ ಉತ್ತರ ಸಿಕ್ಕಿತು,
ಅವಳು ಆ ರಾತ್ರಿ ಎಲ್ಲಿರುತ್ತಾಳೋ.
೪೦೪ ಅಂದರೆ ಅವನು ಫೋನು ಕೆಳಗಿಟ್ಟು
ಗೊರಕೆ ಹೊಡೆದಾನು.
ಅವಳು ಕಣ್ಣು ಬಿಟ್ಟುಕೊಂಡೇ ಮಲಗಿಯಾಳು,
ಆದರೂ ಮಲಗಿಯಾಳು.

ಸಾಲು ತಿದ್ದಿದೆ. ಇಲ್ಲ ಅಂದೆ,
ಆಂಟಿಯಷ್ಟೇ ನಯವಾಗಿ.
ಒಳಗಿನ ಲಾಗಿನಲ್ಲಿ ಮಾತ್ರ ನಿಜ ಬೀಳುವಂತೆ ಬರೆದೆ:
ಯಾರು ಕೇಳಿದರು, ಎಷ್ಟು ಹೊತ್ತಿಗೆ, ಯಾಕೆ ಕೊಡಲಿಲ್ಲ.
ಹನುಮಂತನಗರದ ಆ ಮನೆಯಲ್ಲೂ
ದೇವರ ಕೋಣೆಯಲ್ಲೋ ಅಕ್ಕಿ ಡಬ್ಬದ ಹಿಂದೆಯೋ
ಅಂಥದ್ದೊಂದು ಪುಸ್ತಕ ಇದ್ದೀತೆ?
ಭಾನುವಾರ, ೧೧:೪೦. ಮುನಿವೆಂಕಟಪ್ಪನ ಮಗಳು. ಕಾರಣ:

ಡೆನ್ಜಿಲ್ ಹೆಬ್ಬೆರಳು ತೋರಿಸಿದ.

ಸಂಜೆ ಏಳಕ್ಕೆ ಮಾಗಡಿ ರಸ್ತೆಯಲ್ಲಿ ಇನ್ನೊಂದು ಮನೆ.
ಅವರು ಕೇಳುವ ಮುಂಚೆ, ಗೇಟಿನಲ್ಲೇ,
ಅಪ್ಪನ ಹೆಸರು ಪೂರ್ತಿ ಹೇಳುತ್ತೇನೆ.
ನಲ್ಲಿ ಆಮೇಲೆ ತಿರುಗಿಸಿದರಾಯಿತು.