ಕುರಿಗೇಕೆ ಮುಂದೆ ಮೇಲ್ಹಲ್ಲಿಲ್ಲ

ಚಳಿ ಮುಗಿಯುವ ಮೊದಲೇ ಕಾಲೇಜಿಗೆ ಬೀಗ ಬಿತ್ತು.
ಪ್ಲಾಸ್ಟರಿನ ದವಡೆಗಳು, ಕೊರೆಯುವ ಯಂತ್ರ, ನನ್ನ ಬಿಳಿ ಕೋಟು
ಎಲ್ಲ ಉಲಾನ್‌ಬಾತರಿನಲ್ಲೇ ಉಳಿದವು.
ನಾನೊಬ್ಬಳು ಅಜ್ಜನ ಡೇರೆಗೆ ಬಂದೆ.

ಡೇರೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿನ ದಿಬ್ಬ ಹತ್ತಬೇಕು.
ಕಲ್ಲುಗುಪ್ಪೆಯ ಎಡಕ್ಕೆ, ನೀಲಿ ಬಟ್ಟೆ ಸುತ್ತಿದ ಕಂಬದ ಹತ್ತಿರ
ಎರಡು ಗೀಟು ಬರುತ್ತವೆ, ಗಾಳಿ ಒಪ್ಪಿದರೆ ಮೂರು.
ಹಲ್ಲಿದ್ದಲ್ಲಿ ನಾನಿಲ್ಲ, ನಾನಿದ್ದಲ್ಲಿ ಹಲ್ಲಿಲ್ಲ
ಎಂದು ತಮ್ಮನಿಗೆ ಹೇಳಿ ನಕ್ಕೆ, ಮೊದಲ ವಾರ.
ಆಮೇಲೆ ನಗು ಬರಲಿಲ್ಲ.

ಸೋಮವಾರ ಬ್ಯಾಂಬಾಜಾವ್ ಸರ್.
ಪರದೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುತ್ತಾರೆ,
ಎಪ್ಪತ್ತೆರಡು ಪುಟ.
'ಅರ್ಥವಾಯಿತಲ್ಲ' –
ಅದು ಪ್ರಶ್ನೆಯಲ್ಲ, ಪುಟ ತಿರುವುವ ಸದ್ದು.
ಕೆಟ್ಟವರಲ್ಲ. ಒಮ್ಮೆ ಮೈಕು ಮುಚ್ಚಲು ಮರೆತು
ಮನೆಯಲ್ಲಿ ಯಾರಿಗೋ ಹೇಳಿದ್ದು ಕೇಳಿಸಿತು:
'ಗೋಡೆಗೆ ಪಾಠ ಹೇಳ್ತಾ ಇದ್ದೀನಿ.'
ನಲವತ್ತೊಂದು ಗೋಡೆಗಳು
ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು.

ಹಾಜರಿಗೆ ಹೆಸರು ಸಾಕು.
ಫೋನನ್ನು ಕಲ್ಲಿಗೆ ಒರಗಿಸಿ
ಆಡು ಬಾಚಲು ಕೆಳಗಿಳಿಯುತ್ತಿದ್ದೆ.
ಏಪ್ರಿಲಿನ ಹೊತ್ತಿಗೆ ಲೆಕ್ಕವೂ ಹಾಕಿದ್ದೆ:
ಆಡಿಗೆ ಇಷ್ಟು ನವಿರು, ಕಿಲೋಗೆ ಇಷ್ಟು ದುಡ್ಡು,
ಇನ್ನೂ ಮೂರು ವರ್ಷ
ಯಾರದೋ ಬಾಯಿಯ ಚಿತ್ರ ನೋಡುತ್ತ ಕೂರುವುದೇಕೆ.

ಗುರುವಾರ ದೊಲ್ಗೋರ್ಸುರೆನ್ ಮೇಡಂ.
ಅಡುಗೆಮನೆಯ ಮೇಜು, ಹಿಂದೆ ಕುದಿಯುವ ಚಹಾ,
ಕೈಯಲ್ಲಿ ಬಟ್ಟೆಸೋಪು, ಹಣ್ಣು ಹೆಚ್ಚುವ ಚಾಕು.
ದವಡೆಹಲ್ಲು ಕೆತ್ತುತ್ತಿದ್ದರು.
ನಾಲ್ಕನೆಯ ಉಬ್ಬು ಮುರಿದು ಬಿತ್ತು.
'ಛೆ' ಅಂದರು, ಮೂವತ್ತು ವರ್ಷ ಕಲಿಸಿದವರು.
ಮುರಿದದ್ದನ್ನು ಪಕ್ಕಕ್ಕೆ, ಕಾಣುವ ಹಾಗೇ ಇಟ್ಟು
ಇನ್ನೊಂದು ಸೋಪು ಬಿಚ್ಚಿದರು.

'ತ್ಸೆಲ್ಮೆಗ್, ನಿನ್ನ ಹಿಂದೆ ತುಂಬಾ ಗಾಳಿ.
ಎಲ್ಲಿದ್ದೀಯ? ಅಲ್ಲಿ ಕೈಗೇನು ಸಿಗುತ್ತೆ?'
ಸಿಗ್ನಲ್ ಹೋಯಿತು, ಬಂತು.
ಅವರು ಅಲ್ಲೇ ಇದ್ದರು, ಕಾಯುತ್ತ.
ನಾಚಿಕೊಂಡೇ ಹೇಳಿದೆ: ಸೋಪು ಒಂದೇ, ಮನೆಮಂದಿಗೆಲ್ಲ.
ಕುರಿಯ ಬುರುಡೆ ಬೇಕಾದಷ್ಟು.
'ತಾ ತಾ' ಅಂದರು,
ಬಿಸಿ ರೊಟ್ಟಿ ಕೇಳುವವರ ಹಾಗೆ.

ತಂದು ತೋರಿಸಿದೆ.
'ಮುಂದೆ ಮೇಲ್ಹಲ್ಲು ಯಾಕಿಲ್ಲ?'
ಗೊತ್ತಿಲ್ಲ.
'ನನಗೂ ಪೂರ್ತಿ ಗೊತ್ತಿಲ್ಲ. ಓದಿಕೊಂಡು ಬರೋಣ, ಇಬ್ಬರೂ.'

ಮುಂದಿನ ಗುರುವಾರ ಅಜ್ಜನೇ ದಿಬ್ಬ ಹತ್ತಿದ,
ಮಂಡಿ ಹಿಡಿದು, ಜೀವಂತ ಕುರಿಯೊಂದನ್ನು ಎಳೆದುಕೊಂಡು.
ತುಟಿ ಸರಿಸಿದ. ದೊಡ್ಡವು ಎರಡು ಬಂದರೆ ಶುದ್ಲೆನ್,
ನಾಲ್ಕಕ್ಕೆ ಹ್ಯಾಜಾಲನ್, ಆರಕ್ಕೆ ಸೊಯೋಲನ್.
ಕುರಿಯ ವಯಸ್ಸು ಕುರಿಯ ಬಾಯಲ್ಲೇ ಕೇಳಬೇಕು, ಅಂದ.
ಕಪ್ಪು ಚೌಕಗಳಲ್ಲಿ ಒಂದೊಂದೇ ಮುಖ ಹೊತ್ತಿಕೊಂಡಿತು.
ಮೇಡಂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು.
'ಮೇಲಿನವು ನನಗೂ ಇಲ್ಲ' ಎಂದು ಅಜ್ಜ ಬಾಯಿ ತೆರೆದ,
'ಹುಲ್ಲೊಂದು ತಿನ್ನಲ್ಲ ಅಷ್ಟೆ.'

ಸೋಮವಾರಗಳು ಬದಲಾಗಲಿಲ್ಲ.
ಆದರೆ ಒಮ್ಮೆ, ನಲವತ್ತನೆಯ ಪುಟದಲ್ಲಿ,
ನಾನೊಂದು ಪ್ರಶ್ನೆ ಕೇಳಿದೆ.
ಓದು ನಿಂತಿತು.
'ಯಾರಮ್ಮ ಅದು?' ಅಂದರು ಸರ್
ನಡುರಾತ್ರಿ ಬಾಗಿಲು ಬಡಿದಾಗ ಎದ್ದವರ ಹಾಗೆ.
ಉತ್ತರ ಹೇಳುವಷ್ಟರಲ್ಲಿ ಗಾಳಿ ಗೀಟುಗಳನ್ನು ಒಯ್ದಿತು.

ಆ ರಾತ್ರಿ ಮನೆಯ ಒಂದೇ ಸೋಪಿಗೆ
ನಾಲ್ಕು ಉಬ್ಬು, ಒಂದು ತಗ್ಗು ಮೂಡಿದವು.
ಅಮ್ಮ ಬೈದಳು.
ಬೆಳಿಗ್ಗೆ ತಮ್ಮ ಅದರಲ್ಲೇ ಮುಖ ತೊಳೆದ.
ಉಬ್ಬು ಸವೆದು, ಎಪ್ಪತ್ತು ವರ್ಷದ ಹಲ್ಲಾಯಿತು.
ಮತ್ತೆ ಚಾಕು ಹಿಡಿದೆ.